ದ್ರಾಕ್ಷಾಯಿಣಿಯ ಕಾಲ್ಗುಣ

ಹಲಗೇರಿಯ ಪರಮೇಶಪ್ಪನವರ ಮನೆಯಲ್ಲಿ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹಿರಿಯ ಮಗಳು ದ್ರಾಕ್ಷಾಯಿಣಿಯ ಕಾಲ್ಗುಣಕ್ಕೆ ಬಂದು ನಿಲ್ಲುತ್ತಿತ್ತು. ಆಕೆ ರಾಣೆಬೆನ್ನೂರಿನಿಂದ ತವರಿಗೆ ಬಂದು ಒಲೆಯ ಮುಂದೆ ರೊಟ್ಟಿ ಬಡಿಯಲು ಕುಳಿತರೆ ಸಾಕು, ತಾಯಿ ಮರಿಯವ್ವ ಹಿಟ್ಟು ನಾದಿಕೊಡುತ್ತಲೇ ಓಣಿಯ ಹೆಂಗಸರಿಗೆ ಅದನ್ನೇ ಹೇಳುತ್ತಿದ್ದಳು. ಅಳಿಯ ಹೇಗಿದ್ದವನು ಹೇಗಾದ, ಎಲ್ಲ ತನ್ನ ಮಗಳು ಆ ಮನೆಗೆ ಕಾಲಿಟ್ಟ ಗುಣ ಎಂದು.

ಅಳಿಯ ಹುಲಿಗೇಶ ಮೊದಲು ರಾಣೆಬೆನ್ನೂರಿನ ಬಸ್ ನಿಲ್ದಾಣದ ಆಚೀಚೆ ಗಾಂಜಾ, ಮತ್ತಿನ ಗುಳಿಗೆ ಮಾರುತ್ತಿದ್ದವನು. ಲಗ್ನದ ಹೊತ್ತಿಗೆ ಆ ಸಂಗತಿ ಅವನ ಮನೆಯವರಿಗೆಲ್ಲ ಗೊತ್ತಿತ್ತು. ಹೆಂಡತಿ ಬಂದರೆ ತಾನಾಗಿ ಹಾದಿಗೆ ಬರುತ್ತಾನೆ ಎಂದು ಬಾಯಿ ಮುಚ್ಚಿಕೊಂಡಿದ್ದರು. ದ್ರಾಕ್ಷಾಯಿಣಿಗೆ ಗೊತ್ತಾದದ್ದು ಪೊಲೀಸರು ಮನೆಗೆ ಬಂದು ಅಕ್ಕಿಯ ಡಬ್ಬಿಯನ್ನು ನೆಲಕ್ಕೆ ಸುರುವಿದ ದಿನ. ಗಂಡ ಹಾವೇರಿಯ ಜೈಲಿನಲ್ಲಿದ್ದು ಬಂದ; ಬಂದ ಮೇಲೂ ಅದೇ ದಂಧೆಗೆ ಇಳಿದ. ಆಕೆ ಅತ್ತಳು, ಉಪವಾಸ ಮಾಡಿದಳು, ತವರಿಗೆ ಹೋಗಿ ಕುಳಿತಳು. ಯಾವುದಕ್ಕೂ ಅವನು ಬಗ್ಗಲಿಲ್ಲ. ಆಮೇಲೊಂದು ಸಂಜೆ ಬ್ಯಾಡಗಿಯಿಂದ ಬಂದವನೇ ಇದ್ದ ಸರಕನ್ನೆಲ್ಲ ಬಚ್ಚಲಿಗೆ ಸುರುವಿ ನೀರು ಹೊಯ್ದ. ಅಲ್ಲಿಗೆ ಮುಗಿಯಿತು. ಈಗ ಗೂಡ್ಸ್ ಗಾಡಿ ಇಟ್ಟುಕೊಂಡು ಬೀಜದ ಚೀಲ, ಮೆಣಸಿನಕಾಯಿ ಚೀಲ ಸಾಗಿಸುತ್ತಾನೆ.

ಅಂದು ಬ್ಯಾಡಗಿಯಲ್ಲಿ ಏನಾಯಿತು ಎಂದು ದ್ರಾಕ್ಷಾಯಿಣಿ ಕೇಳಿರಲಿಲ್ಲ. ಕೆದಕಿದರೆ ಎಲ್ಲಿ ಹಳೆಯ ಚಾಳಿ ಎದ್ದುಬಿಡುತ್ತದೋ ಎಂಬ ಹೆದರಿಕೆ ಮೊದಲು. ಆಮೇಲೆ ಕೇಳದಿರುವುದೇ ರೂಢಿಯಾಯಿತು. ಆದರೆ ಜನ ಕಾಲ್ಗುಣ ಹೊಗಳಿದಾಗಲೆಲ್ಲ, ಬೇರೆಯವರ ಸೀರೆ ಉಟ್ಟು ಲಗ್ನಕ್ಕೆ ಹೋದಂತೆ ಮುಜುಗರವಾಗುತ್ತಿತ್ತು. ತಾನಲ್ಲ ಎಂಬುದಂತೂ ಆಕೆಗೆ ಖಾತ್ರಿ. ತಾನಲ್ಲದಿದ್ದರೆ ಮತ್ತೆ ಯಾರು? ಆ ಕುತೂಹಲ ಹಲ್ಲಿನ ಸಂದಿಯ ನಾರಿನಂತೆ ಉಳಿದುಬಿಟ್ಟಿತ್ತು.

ಹೀಗಿರುವಾಗ ಆಕೆಯ ತಮ್ಮ ಯುವರಾಜನ ಲಗ್ನದ ಮಾತು ಬಂತು. ಯುವರಾಜ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ವರ್ಷದಿಂದೀಚೆಗೆ ಅವನ ಗಲ್ಲ ಒಳಗೆ ಹೋಗಿತ್ತು, ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕುತ್ತಿದ್ದ, ಊಟದ ನಡುವೆ ಕುಳಿತಲ್ಲೇ ತೂಕಡಿಸುತ್ತಿದ್ದ. ಹುಲಿಗೇಶನಿಗೆ ಒಂದು ನೋಟ ಸಾಕಾಯಿತು. ಮಾವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಇದು ಗುಳಿಗೆಯ ಚಟ, ಮೊದಲು ಆಸ್ಪತ್ರೆಗೆ ತೋರಿಸೋಣ, ಲಗ್ನ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಪರಮೇಶಪ್ಪನವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

"ದವಾಖಾನಿಗೆ ಹಾಕಿದ್ರ ಊರಿಗೆಲ್ಲಾ ಗೊತ್ತಾಗತೈತಿ," ಎಂದರು ಅವರು. "ಆಮ್ಯಾಲ ಇವಗ ಹೆಣ್ಣು ಯಾರು ಕೊಡ್ತಾರ? ಮನ್ಯಾಗ ಒಂದ ಹೆಣ್ಣು ಬಂದ್ರ ಎಲ್ಲಾ ಸರಿ ಆಗತೈತಿ. ನೀ ಯಾವ ದವಾಖಾನಿಗೆ ಹೋಗಿದ್ದೆಪಾ? ನನ್ನ ಮಗಳು ಬಂದು ನಿನ್ನ ಹಾದಿಗೆ ತರಲಿಲ್ಲೇನು?"

ಹುಲಿಗೇಶ ಕಟ್ಟೆಯಿಂದಿಳಿದು ಗಾಡಿಯ ಕಡೆ ನಡೆದ. ದ್ರಾಕ್ಷಾಯಿಣಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತನ್ನ ಹೆಸರಿನ ಮೇಲೆ ಇನ್ನೊಬ್ಬ ಹುಡುಗಿಯನ್ನು ತಂದು ಈ ಮನೆಗೆ ಹಾಕುತ್ತಾರೆ ಎಂಬುದು ಆಗ ಆಕೆಗೆ ಸ್ಪಷ್ಟವಾಯಿತು. ಹುಡುಗಿ ಗುತ್ತಲದವಳು, ಪ್ರಿಯಾಂಕಾ ಎಂದು ಹೆಸರು. ಮದುವೆ ಕುದುರಿಸುವ ಹನುಮಪ್ಪ ಆಗಲೇ ಫೋಟೋ ತಂದುಕೊಟ್ಟಿದ್ದ.

ರಾಣೆಬೆನ್ನೂರಿಗೆ ಮರಳುವಾಗ ಗಾಡಿಯಲ್ಲಿ ಆಕೆ ಕೇಳಿಯೇಬಿಟ್ಟಳು. "ಖರೇ ಹೇಳ್ರಿ. ನೀವು ಅದನ್ನ ಬಿಟ್ಟಿದ್ದು ಯಾಕ?"

ಅವನು ಮನೆಯ ಮುಂದೆ ಗಾಡಿ ನಿಲ್ಲಿಸಿ, "ನಾಳೆ ಬ್ಯಾಡಗಿಗೆ ಲೋಡ್ ಐತಿ. ನೀನೂ ಬಾ," ಎಂದ.

ಮರುದಿನ ದಾರಿಯುದ್ದಕ್ಕೂ ಹೇಳಿದ. ಅನೀಸ ಎಂಬ ಆಟೋ ಹುಡುಗ ಅವನಲ್ಲಿ ಗುಳಿಗೆ ಕೊಳ್ಳುತ್ತಿದ್ದ. ಒಮ್ಮೆಲೇ ಬರುವುದು ನಿಂತಿತು. ಕೊಳ್ಳುವವ ಎಲ್ಲಿಯವ, ಏನಾದ ಎಂದು ಹಿಂತಿರುಗಿ ನೋಡಬಾರದು ಎಂಬುದು ಆ ದಂಧೆಯ ಮೊದಲ ಪಾಠ. ಹುಲಿಗೇಶನಿಗೆ ಯಾಕೋ ತಡೆಯಲಾಗಲಿಲ್ಲ. ಹುಡುಗ ಬೇರೆಯವರ ಕಡೆ ಹೋದನೇ, ಬಿಟ್ಟನೇ ಎಂದು ಹುಡುಕುತ್ತ ಬ್ಯಾಡಗಿಗೆ ಹೋದ. ಅನೀಸ ಗುಳಿಗೆ ಹೆಚ್ಚಾಗಿ ಸತ್ತು ನಾಲ್ಕಾರು ದಿನವಾಗಿತ್ತು. ತಾಯಿ ಜೈತೂನಬಿ ಇವನನ್ನು ಮಗನ ಗೆಳೆಯನೆಂದುಕೊಂಡಳು. ಮಗ ಹೇಗೆ ಸತ್ತನೆಂಬುದು ಓಣಿಗೆಲ್ಲ ಗೊತ್ತಾಗಿ ಯಾರೂ ಹೊಸ್ತಿಲು ತುಳಿದಿರಲಿಲ್ಲ. ನೀನೊಬ್ಬನಾದರೂ ಬಂದೆಯಲ್ಲ ಎಂದು ಒತ್ತಾಯ ಮಾಡಿ ಅನ್ನ ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಏಳುವಾಗ ಆಕೆ ಒಂದು ಮಾತು ಕೇಳಿದಳು: "ಅದನ್ನ ಮಾರಿದಂವ ಯಾರಂತ ನಿನಗ ಗೊತ್ತೈತೇನಪಾ? ಬೈಯಾಕಲ್ಲ. ನನ್ನ ಮಗಗ ನಮ್ಮನ್ಯಾಗ ಸಿಗಲಾರದ್ದು ಅದ್ರಾಗ ಏನ್ ಸಿಗತಿತ್ತು, ಅದನ್ನ ಕೇಳಬೇಕಾಗೈತಿ."

ಅಂದೇ ಸಂಜೆ ಅವನು ಸರಕು ಸುರುವಿದ್ದು. ಕೆಲವು ವಾರದ ಮೇಲೆ ಹೋಗಿ, ಮಾರಿದವನು ನಾನೇ ಎಂದೂ ಹೇಳಿದ. ಜೈತೂನಬಿ ಬಾಗಿಲು ಹಾಕಿಕೊಂಡಳು. ತಿಂಗಳುಗಟ್ಟಲೆ ಮಾತಿರಲಿಲ್ಲ. ಆಮೇಲೆ ತಾನಾಗಿಯೇ ಕರೆದು ಕೂರಿಸಿ, ಈಗ ನನ್ನ ಮಾತಿಗೆ ಜವಾಬು ಹೇಳು ಎಂದಳಂತೆ. ಅವನು ತಿಳಿದಷ್ಟು ಹೇಳಿದ: ಮೊದಮೊದಲು ಸುಖ ಸಿಗುತ್ತದೆ, ಆಮೇಲೆ ನೋವು ಬಾರದಿರಲಿ ಎಂದಷ್ಟೇ ತಿನ್ನುತ್ತಾರೆ.

ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ಜೈತೂನಬಿ ಮತ್ತು ಸೊಸೆ ಅಲ್ಮಾಸ ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಮುರಿಯುತ್ತಿದ್ದರು. ಕೆಂಪು ಧೂಳಿಗೆ ದ್ರಾಕ್ಷಾಯಿಣಿಗೆ ಕೆಮ್ಮು ಹತ್ತಿತು. ಅಲ್ಮಾಸ ಎದ್ದು ನೀರು ತಂದುಕೊಟ್ಟಳು. ನೋಡಿದರೆ ಇನ್ನೂ ಸಣ್ಣ ವಯಸ್ಸು. ಪಕ್ಕದಲ್ಲಿ ಆಡುತ್ತಿದ್ದ ಹೆಣ್ಣುಮಗು ಅನೀಸನದು. ದ್ರಾಕ್ಷಾಯಿಣಿ ಮೆಲ್ಲಗೆ, ಲಗ್ನಕ್ಕೆ ಮೊದಲು ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಅಲ್ಮಾಸ ಅತ್ತೆಯ ಕಡೆ ನೋಡಿದಳು. ಅತ್ತೆ ತಲೆಯಾಡಿಸಿದಳು, ಹೇಳು ಎಂಬಂತೆ.

"ಲಗ್ನಾದ ಮ್ಯಾಲ ಹೇಳಿದ್ರು. ನೀ ಬಂದೀಯಲ್ಲ, ಇನ್ನ ಅಂವ ಬಿಡ್ತಾನ ಅಂದ್ರು. ಸತ್ತ ಮ್ಯಾಲ, ಗಂಡನ್ನ ಉಳಿಸ್ಕೊಳ್ಳಾಕ ನಿನ್ನ ಕೈಲೆ ಆಗಲಿಲ್ಲ ಅಂದ್ರು." ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ರಾಶಿಗೆ ಹಾಕಿದಳು. "ಗಂಡಗ ಬ್ಯಾನಿ ಇತ್ರಿ ಅಕ್ಕಾ. ನನ್ನ ತಂದು ಔಷಧ ಅಂತ ಕೊಟ್ರು."

ಜೈತೂನಬಿ, ಹಾಗೆ ಅಂದವಳು ನಾನೇ ಎಂದಳು. ಯಾರನ್ನೂ ನೋಡದೆ ಹೇಳಿದಳು.

ಮುಂದಿನ ವಾರ ಪ್ರಿಯಾಂಕಾಳ ತಂದೆ ಗಿರಿಯಪ್ಪ ತನ್ನ ಅಕ್ಕನನ್ನು ಕರೆದುಕೊಂಡು ಹಲಗೇರಿಗೆ ಮನೆ ನೋಡಲು ಬಂದ. ಅವಲಕ್ಕಿ, ಚಹಾ ಆಯಿತು. ಗಿರಿಯಪ್ಪ ಸಂಕೋಚದಿಂದಲೇ, ಹುಡುಗನಿಗೆ ಏನೋ ಗುಳಿಗೆಯ ಅಭ್ಯಾಸವಿದೆ ಎಂದು ಯಾರೋ ಅಂದರು, ಸುಳ್ಳಿರಬಹುದು, ಆದರೂ ಹೆಣ್ಣು ಹೆತ್ತವನು ಕೇಳಬೇಕಲ್ಲ ಎಂದ. ಮರಿಯವ್ವ ಖಾಲಿ ತಟ್ಟೆಗಳನ್ನು ಎತ್ತತೊಡಗಿದಳು. ಪರಮೇಶಪ್ಪ ಮಾತ್ರ ನಗುತ್ತಲೇ, ಹರೆಯದಲ್ಲಿ ಸಣ್ಣಪುಟ್ಟದ್ದು ಇದ್ದದ್ದೇ, ಲಗ್ನವಾದರೆ ಎಲ್ಲ ಬಿಡುತ್ತಾರೆ ಎಂದರು. ನಮ್ಮ ಅಳಿಯನನ್ನೇ ನೋಡಿರಿ, ಜೈಲು ಕಂಡು ಬಂದವನು, ನನ್ನ ಮಗಳು ಮನುಷ್ಯನನ್ನಾಗಿ ಮಾಡಿದಳು ಎಂದು ದ್ರಾಕ್ಷಾಯಿಣಿಯ ಕಡೆ ಕೈ ತೋರಿಸಿದರು. ಎಲ್ಲರೂ ಆಕೆಯನ್ನೇ ನೋಡಿದರು. ಒಳಕೋಣೆಯ ಬಾಗಿಲಲ್ಲಿ ಯುವರಾಜನೂ ನಿಂತಿದ್ದ.

"ನಾನು ಮಾಡಲಿಲ್ಲರಿ," ಎಂದಳು ದ್ರಾಕ್ಷಾಯಿಣಿ. ಸ್ವರ ಸಣ್ಣದಾಗಿತ್ತು, ಆದರೂ ಎಲ್ಲರಿಗೂ ಕೇಳಿಸಿತು. "ನಾನು ಬಂದ ಮ್ಯಾಲೂ ಇವ್ರು ಮಾರ್ಯಾರ, ಜೈಲಿಗೆ ಹೋಗ್ಯಾರ, ಬಂದು ಮತ್ತ ಮಾರ್ಯಾರ. ಇವ್ರು ಬಿಟ್ಟಿದ್ದು ಒಬ್ಬರ ಮಗಾ ಸತ್ತಿದ್ದಕ್ಕ. ನನ್ನ ತಮ್ಮಗ ಚಟಾ ಐತಿ, ಅದು ಸುಳ್ಳಲ್ಲ. ಅವಗ ಈಗ ಬೇಕಾಗಿದ್ದು ಡಾಕ್ಟರ್. ನಿಮ್ಮ ಮಗಳನ್ನ ಈಗ ಕೊಡಬ್ಯಾಡ್ರಿ."

ಹುಲಿಗೇಶ ಎದ್ದು, ಅವಳ ಮಾತು ಖರೇ ಎಂದಷ್ಟೇ ಹೇಳಿದ. ತನ್ನ ಹಳೆಯ ದಂಧೆಯ ಸುದ್ದಿ ಗುತ್ತಲದವರೆಗೂ ಹಬ್ಬುತ್ತದೆ, ನಾಳೆ ಬಾಡಿಗೆಗೆ ಕರೆಯುವವರು ಹಿಂದೆಮುಂದೆ ನೋಡುತ್ತಾರೆ ಎಂದು ಅವನಿಗೆ ತಿಳಿಯದ್ದೇನಲ್ಲ.

ಬೀಗರಾಗಬೇಕಿದ್ದವರು ಚಹಾದ ಕಪ್ಪು ಕೆಳಗಿಟ್ಟು ಎದ್ದರು. ಅವರು ಓಣಿಯ ತಿರುವು ದಾಟಿದ ಮೇಲೆ ಪರಮೇಶಪ್ಪ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದು ಮಗಳಿಗೆ ಹೇಳಿದರು. ಮರಿಯವ್ವ ಅತ್ತಳೇ ಹೊರತು ತಡೆಯಲಿಲ್ಲ. ಯುವರಾಜ ಅಕ್ಕನ ಚಪ್ಪಲಿಗಳನ್ನು ಎತ್ತಿ ಬೀದಿಗೆ ಎಸೆದ.

ಮಳೆಗಾಲ ಶುರುವಾದ ಮೇಲೊಂದು ಬೆಳಿಗ್ಗೆ ಅದೇ ಯುವರಾಜ ರಾಣೆಬೆನ್ನೂರಿನ ಮನೆಯ ಬಾಗಿಲಿಗೆ ಬಂದು ನಿಂತ. ಅಂಗಡಿಯವರು ಕೆಲಸ ಬಿಡಿಸಿದ್ದರು, ತುಟಿ ಒಡೆದಿತ್ತು, ಮೈ ನಡುಗುತ್ತಿತ್ತು. ಮಾಮಾಗೆ ಗಾಡಿ ತೆಗೆಯಲು ಹೇಳು ಎಂದ. ಎಲ್ಲಿಗೆ ಎಂದು ದ್ರಾಕ್ಷಾಯಿಣಿ ಕೇಳಲಿಲ್ಲ. ಒಂದು ಚಾದರ ಹಿಡಿದುಕೊಂಡು ಬಂದು ಗಾಡಿಯಲ್ಲಿ ಅವನ ಪಕ್ಕದಲ್ಲಿ ಕುಳಿತಳು.

ದಾರಿಯಲ್ಲಿ ಆಕೆಯ ಮೊಬೈಲ್‌ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಪ್ರಿಯಾಂಕಾ ಮಾತಾಡುತ್ತಿದ್ದಳು. ಸ್ವಂತ ತಮ್ಮನ ಲಗ್ನ ಮುರಿದವಳು ಎಂದು ನಮ್ಮ ಮನೆಯವರು ಈಗಲೂ ನಿಮ್ಮನ್ನು ಆಡಿಕೊಳ್ಳುತ್ತಾರೆ, ಅಂಥವಳ ದನಿ ಹೇಗಿರುತ್ತದೋ ಒಮ್ಮೆ ಕೇಳಬೇಕೆನಿಸಿ ನಂಬರು ಹುಡುಕಿದೆ ಎಂದಳು. ಆಮೇಲೆ, "ಅವ್ರು ಈಗ ಹೆಂಗದಾರ್ರಿ?" ಎಂದು ಕೇಳಿದಳು.

ದ್ರಾಕ್ಷಾಯಿಣಿ ತಮ್ಮನನ್ನು ನೋಡಿದಳು. ಅವನು ಚಾದರ ಹೊದ್ದು ಗಾಜಿಗೆ ಹಣೆ ಒತ್ತಿಕೊಂಡಿದ್ದ.

"ಗೊತ್ತಿಲ್ಲವಾ," ಎಂದಳು. "ಈಗ ಹಾವೇರಿ ದವಾಖಾನಿಗೆ ಹೊಂಟೇವಿ."

ಫೋನು ಇಟ್ಟ ಮೇಲೆ ಯುವರಾಜ, ಯಾರು ಎಂದು ಕೇಳಿದ. ಆಕೆ ಹೇಳಿದಳು. ಅವನು ರಸ್ತೆಯ ಕಡೆ ನೋಡುತ್ತಲೇ, ಬೈದಳೇನು ಎಂದ.

"ಇಲ್ಲ. ಹೆಂಗದಾನ ಅಂತ ಕೇಳಿದ್ಲು."

ಯುವರಾಜ ಚಾದರದೊಳಗೆ ಮುಖ ಮುಚ್ಚಿಕೊಂಡು ಅಳತೊಡಗಿದ. ಹುಲಿಗೇಶ ಗಾಡಿ ನಿಲ್ಲಿಸಲಿಲ್ಲ. ಹಾವೇರಿ ಇನ್ನೂ ದೂರವಿತ್ತು.