ಕಳಕಮ್ಮನ ಪಾತೇಲಿ

"ಏ, ನಿಂದ್ರಬ್ಯಾಡೋ ಮಾರಾಯಾ! ಕುಂದ್ರು! ಮೊದಲು ಹೆಂಗ ಕುಂತಿದ್ದಿ ಹಂಗ ಕುಂದ್ರು!"

ಕರಿಬಸಪ್ಪ ಕ್ಯಾಮರಾದ ಕರಿ ಮುಸುಕಿನಿಂದ ತಲೆ ಹೊರಗೆ ಹಾಕಿ ಕೂಗಿದ. ಬುಟ್ಟಿ ಹೆಣೆಯುತ್ತಿದ್ದ ಹುಲಿಗೆಪ್ಪ ಅಷ್ಟರೊಳಗೆ ಎದ್ದು, ಧೋತರ ಕೊಡವಿ, ಮೀಸೆ ತೀಡಿ, ಎರಡೂ ಕೈಗಳನ್ನು ತೊಡೆಗೆ ಅಂಟಿಸಿಕೊಂಡು ತಹಶೀಲ್ದಾರರ ಮುಂದೆ ನಿಂತವನಂತೆ ನಿಂತುಬಿಟ್ಟಿದ್ದ. ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ್ದ.

"ಕುಂತ್ರ ನಾ ಪೂರಾ ಬರೂದಿಲ್ಲಲ್ರಿ," ಎಂದ ಹುಲಿಗೆಪ್ಪ, ತುಟಿ ಅಲುಗಿಸದೆ. "ಕಾಲು ಮುರದಾವೇನೋ ಅಂತಾರ ಮಂದಿ."

ಬೆಳಗಿನಿಂದ ಕೊಪ್ಪಳದ ಬಜಾರದ ತುಂಬ ಇದೇ ಹಣೆಬರಹ. ಹೂ ಕಟ್ಟುವ ಕಸ್ತೂರೆಮ್ಮ ಕ್ಯಾಮರಾ ಕಂಡೊಡನೆ ಹೂವಿನ ರಾಶಿ ಬಿಟ್ಟು ಮನೆಗೆ ಓಡಿ, ಮದುವೆಯ ಸೀರೆ ಉಟ್ಟು ಬಂದಿದ್ದಳು. ಬಡಿಗ ಕಾಳಪ್ಪ ಬಾಚಿ ಬಿಸಾಕಿ, ಎಲ್ಲಿಂದಲೋ ಒಂದು ಕುರ್ಚಿ ತರಿಸಿ, ಅದರ ಮೇಲೆ ಕೈಯೂರಿ ನಿಂತಿದ್ದ. ಆ ಕುರ್ಚಿ ಅವನು ಮಾಡಿದ್ದೂ ಅಲ್ಲ. ಕರಿಬಸಪ್ಪನಿಗೆ ಮುಸುಕನ್ನು ಹರಿದು ಬಿಸಾಡಬೇಕು ಅನ್ನಿಸಿತು.

ಅಣ್ಣಂದಿರು ಶೇಂಗಾ ವ್ಯಾಪಾರದಲ್ಲಿದ್ದರೆ ಇವನೊಬ್ಬ ಹಟ ಹಿಡಿದು ಫೋಟೋ ಅಂಗಡಿ ಇಟ್ಟವನು. ಅರಮನೆಯ ಮೆಟ್ಟಿಲು ಬರೆಸಿದ ಪರದೆಯ ಮುಂದೆ ಊರಿನ ಮದುಮಕ್ಕಳನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಅವನಿಗೆ ಸಾಕಾಗಿತ್ತು. ಹೋದ ವರ್ಷ ಹೈದರಾಬಾದಿನ ಒಂದು ಪ್ರದರ್ಶನಕ್ಕೆ ಕಸುಬುದಾರರ ಚಿತ್ರಗಳನ್ನು ಕಳಿಸಿದ್ದ. ಅವು ಹೋದ ಹಾಗೆಯೇ ವಾಪಸು ಬಂದವು. ಜೊತೆಗೆ ಒಂದೇ ಸಾಲಿನ ಷರಾ: 'ಈ ಜನ ಕೆಲಸ ಮಾಡುತ್ತಿಲ್ಲ, ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ.' ಬರೆದವನು ಯಾರೋ ಏನೋ, ಖರೆ ಮಾತನ್ನೇ ಬರೆದಿದ್ದ. ಅದಕ್ಕೇ ಕರಿಬಸಪ್ಪನಿಗೆ ಅಷ್ಟು ಉರಿ. ಈ ವರ್ಷ ಒಂದಾದರೂ ಚಿತ್ರ ಅಲ್ಲಿನ ಗೋಡೆ ಹತ್ತದಿದ್ದರೆ ಅಂಗಡಿ ಮುಚ್ಚಿ ಅಣ್ಣಂದಿರ ಶೇಂಗಾ ಚೀಲ ಎಣಿಸುತ್ತೇನೆ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದ.

"ಮೂರು ಕಾಲಿನ ಗೂಟ ಹೊತಗೊಂಡು, ಕರೀ ಮುಸುಕು ಹಾಕ್ಕೊಂಡು ಗುಮ್ಮ ಬಂದ್ಹಂಗ ಬರ್ತೀರಿ," ಎಂದಳು ಹೆಂಡತಿ ಶಾಂತಕ್ಕ, ರಾತ್ರಿ ಮನೆಯಲ್ಲಿ ರೊಟ್ಟಿ ಬಡಿಯುತ್ತ. "ಎದ್ದು ನಿಂದ್ರಲಾರದ ಏನು ಮಾಡ್ಯಾರು ಪಾಪ?"

ಹೆಂಡತಿಯ ಮಾತು ಸರಿ ಎಂದು ಒಪ್ಪಿಕೊಳ್ಳುವುದು ಕರಿಬಸಪ್ಪನಿಗೆ ಔಷಧ ಕುಡಿದಷ್ಟೇ ಕಷ್ಟ. ಆದರೂ ಮರುದಿನದಿಂದ ಗೂಟ, ಮುಸುಕು ಮನೆಯಲ್ಲಿ ಉಳಿದವು. ಬಳ್ಳಾರಿಯಲ್ಲಿ ಯಾರೋ ಮಾರಿದ್ದ ಮಡಚುವ ಸಣ್ಣ ಕ್ಯಾಮರಾ ಹೊರಗೆ ಬಂತು. ಅದನ್ನು ಹೊಟ್ಟೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಇಣುಕಿದರಾಯಿತು, ಎದುರಿನವನ ಮುಖ ನೋಡುವ ಕೆಲಸವೇ ಇಲ್ಲ. ಇಬ್ರಾಹಿಂಸಾಬನ ಚಹಾದಂಗಡಿಯ ಕಟ್ಟೆಯ ಮೇಲೆ ದಿನಾ ಹೋಗಿ ಕೂತ. ಮೊದಮೊದಲು ಎಲ್ಲರೂ ಕ್ರಾಪು ಸರಿ ಮಾಡಿಕೊಂಡರು. ದಿನ ಕಳೆದಂತೆ ಬಜಾರಕ್ಕೆ ಅವನು ಹಳಬನಾದ. ಕಟ್ಟೆಯ ಮೇಲಿನ ನಾಯಿಯನ್ನು ಗಮನಿಸದ ಹಾಗೆ ಅವನನ್ನೂ ಗಮನಿಸುವುದು ಬಿಟ್ಟರು. ಯುದ್ಧದಿಂದಾಗಿ ಫಿಲ್ಮು ಸಿಗುವುದೇ ದುರ್ಲಭವಾಗಿತ್ತು, ಒಂದೊಂದು ಚಿತ್ರವನ್ನೂ ಜೀವ ಬಿಗಿಹಿಡಿದು ತೆಗೆದ. ಕಸ್ತೂರೆಮ್ಮ ಹಲ್ಲಿನಲ್ಲಿ ದಾರ ಕಡಿಯುವುದು ಸಿಕ್ಕಿತು. ಕಾಳಪ್ಪ ಒಂದು ಕಣ್ಣು ಮುಚ್ಚಿ ಹಲಗೆಯ ಓರೆ ನೋಡುವುದು ಸಿಕ್ಕಿತು. ಚಿತ್ರಗಳು ಸುಧಾರಿಸುತ್ತಿದ್ದವು, ಆದರೂ ಅವನಿಗೆ ಸಮಾಧಾನವಿಲ್ಲ.

ಅವನಿಗೆ ಬೇಕಾಗಿದ್ದದ್ದು ಕಲಾಯಿ ರಾಜಾಸಾಬ.

ಬಜಾರದ ತುದಿಯ ಬೇವಿನ ಮರದ ಕೆಳಗೆ ರಾಜಾಸಾಬನ ಭಟ್ಟಿ. ಹೆಂಡತಿ ದಾವಲಬೀ ತಿದಿ ಒತ್ತುತ್ತಿದ್ದಳು, ಅವನು ತಾಮ್ರದ ಪಾತ್ರೆಗಳ ಒಳಮೈಗೆ ತವರ ಹಚ್ಚುತ್ತಿದ್ದ. ತವರ ಹಿಡಿಯಬೇಕಾದರೆ ಮೊದಲು ಪಾತ್ರೆಯ ಕಿಲುಬು ಪೂರಾ ಹೋಗಬೇಕು. ದೊಡ್ಡ ಪಾತೇಲಿ ಬಂದರೆ ಅದರೊಳಗೆ ಉಸುಕು, ಹಳೇ ಅರಿವಿ ಹಾಕಿ, ತಾನೇ ಇಳಿದು, ಬೇವಿನ ಕೊಂಬೆಯನ್ನು ಎರಡೂ ಕೈಲಿ ಹಿಡಿದು, ಸೊಂಟ ತಿರುವುತ್ತ ಪಾದಗಳಿಂದ ಗರಗರ ತಿಕ್ಕುತ್ತಿದ್ದ. ಇಡೀ ಮೈ ಅತ್ತ ಇತ್ತ ತಿರುಗುವಾಗ ಆ ಮುದಿ ಮನುಷ್ಯನ ವಯಸ್ಸೇ ಮರೆತುಹೋಗುತ್ತಿತ್ತು. ಆದರೆ ಕರಿಬಸಪ್ಪನ ನೆರಳು ಕಂಡರೆ ಸಾಕು, ಕೆಂಡ ತುಳಿದವನಂತೆ ಹೊರಗೆ ಜಿಗಿಯುತ್ತಿದ್ದ.

"ಅದೊಂದು ಬ್ಯಾಡ್ರಿ ಕರಿಬಸಪ್ಪನವ್ರ. ಅದೊಂದು ಬಿಟ್ಟು ಏನರ ತಗೋರಿ. ಕಲಾಯಿ ಆದ ಪಾತೇಲಿ ಹಿಡಕೊಂಡು ನಿಂದ್ರತೀನಿ, ಬೆಳ್ಳಿಹಂಗ ಹೊಳಿತೈತಿ."

"ನಿಂದ್ರೂದು ಬ್ಯಾಡೋ! ನಿಂದ್ರೋರನ್ನ ನೋಡಿ ನೋಡಿ ನನ್ನ ಕಣ್ಣು ಹೋಗ್ಯಾವ!"

ಇವನದೂ ಅದೇ ಬಿಂಕ ಎಂದುಕೊಂಡ ಕರಿಬಸಪ್ಪ. ಯಾಕೆ ಬೇಡ ಎಂದು ಕೇಳುವಷ್ಟು ತಾಳ್ಮೆ ಅವನಿಗಿರಲಿಲ್ಲ.

ಒಂದು ಬೆಳಿಗ್ಗೆ ಚಹಾದಂಗಡಿಯ ತಟ್ಟಿಯ ಸಂದಿನಿಂದ ಅದು ಸಿಕ್ಕೇಬಿಟ್ಟಿತು. ಎಳೆ ಬಿಸಿಲು, ಭಟ್ಟಿಯ ಹೊಗೆ, ಕೊಂಬೆಗೆ ಜೋತ ಎರಡು ಕೈ, ತಿರುಚಿದ ಸೊಂಟ, ಪಾತೇಲಿಯೊಳಗೆ ಪಾದ. ಕತ್ತಲೆ ಕೋಣೆಯಲ್ಲಿ ಕಾಗದದ ಮೇಲೆ ಚಿತ್ರ ಮೂಡಿದಾಗ ಕರಿಬಸಪ್ಪ ಸಣ್ಣ ಹುಡುಗನ ಹಾಗೆ ಕೂಗಿಕೊಂಡ. ಪಾತೇಲಿಯ ಕಂಠದ ಮೇಲೆ ಕೊರೆಸಿದ ಹೆಸರು ಕೂಡ ಓದುವಷ್ಟು ಚೊಕ್ಕ ಬಂದಿತ್ತು. ಹೈದರಾಬಾದಿಗೆ ಲಕೋಟೆ ಕಟ್ಟಿಟ್ಟ. ಇನ್ನೊಂದು ಪ್ರತಿಯನ್ನು ಅಂಗಡಿ ಬಾಗಿಲಿನ ಗಾಜಿನ ಪೆಟ್ಟಿಗೆಯಲ್ಲಿ ತೂಗುಹಾಕಿದ. ಊರು ನೋಡಲಿ ಎಂಬ ಹೆಮ್ಮೆ ತಡೆಯಲಾಗಲಿಲ್ಲ.

ಊರು ನೋಡಿತು. ಮೊದಲು ಭೇಷ್ ಅಂದಿತು. ಆಮೇಲೆ ಯಾರೋ ಬಗ್ಗಿ, ಕಂಠದ ಮೇಲಿನ ಹೆಸರು ಓದಿದರು: "ಕಳಕಮ್ಮ."

"ಮೊನ್ನಿ ಕುಬಸದ ಊಟಕ್ಕ ಹುಗ್ಗಿ ಮಾಡಿದ್ದು ಇದರಾಗ ಅಲ್ಲೇನು?" ಎಂದಿತು ಇನ್ನೊಂದು ದನಿ. ಯಾರೋ ನಕ್ಕರು. ನಗದವರು ಹೆಚ್ಚಿದ್ದರು.

ಮಧ್ಯಾಹ್ನದೊಳಗೆ ಕಳಕಮ್ಮನೇ ಬಂದಳು. ತವರಿನವರು ಕೊಟ್ಟ ಪಾತೇಲಿ ಅದು. ಓಣಿಯಲ್ಲಿ ಯಾರ ಮನೆಯಲ್ಲಿ ಮದುವೆ, ಮುಂಜಿ ಆದರೂ ಅದೇ ಒಲೆ ಏರಬೇಕು, ಅದೇ ಅವಳ ದೊಡ್ಡಸ್ತಿಕೆ.

"ಕಾಲಿಲೆ ತಿಕ್ಕತಾನಂತ ಊರಿಗೆಲ್ಲ ಗೊತ್ತೈತಿ, ಕಳಕವ್ವಾರ," ಎಂದ ಕರಿಬಸಪ್ಪ. "ಆಮ್ಯಾಲೆ ಬೆಂಕಿ ಮ್ಯಾಲ ಕಾಸ್ತಾನ, ತವರ ಹಚ್ಚತಾನ, ತೊಳೀತೀರಿ. ಇದರಾಗ ಹೊಸಾದೇನೈತಿ?"

"ನನಗ ಗೊತ್ತಿಲ್ಲೇನೋ ತಮ್ಮಾ? ನನ್ನ ತಾಯಿಗೂ ಗೊತ್ತಿತ್ತು." ಅವಳು ಗಾಜಿನ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ಗೊತ್ತಿರೂದು ಬ್ಯಾರೆ, ಬಾಗಿಲಾಗ ತೂಗಹಾಕೂದು ಬ್ಯಾರೆ. ನಾಳಿ ಇದರಾಗ ಮಾಡಿದ ಅನ್ನ ಯಾರು ಉಣ್ತಾರ? ಎಲಿ ಮುಂದ ಕುಂತವರ ಕಣ್ಣಿಗೆ ಅವನ ಕಾಲು ಕಾಣಸ್ತೈತಿ."

ಕರಿಬಸಪ್ಪ ಆಗಲೇ ಚಿತ್ರವನ್ನು ಪೆಟ್ಟಿಗೆಯಿಂದ ತೆಗೆದ. ಆದರೆ ನೋಡಿದ ಕಣ್ಣುಗಳಿಂದ ತೆಗೆಯುವುದು ಹೇಗೆ? ವಾರ ಕಳೆಯುವುದರೊಳಗೆ ಬೇವಿನ ಮರದ ಕೆಳಗೆ ಪಾತ್ರೆ ಬರುವುದು ನಿಂತಿತು. ಗಂಗಾವತಿಗೆ ಹೊರಟ ಬಂಡಿಗಳಲ್ಲಿ ಕೊಪ್ಪಳದ ಹಂಡೆ, ಕೊಡಗಳು ಕಂಡವು. ಅಲ್ಲಿನ ಕಲಾಯಿಯವನು ಯಾವ ಕಾಲಿನಿಂದ ತಿಕ್ಕುತ್ತಾನೋ, ಅದು ಯಾರಿಗೂ ಬೇಕಿರಲಿಲ್ಲ. ಆರಿದ ಭಟ್ಟಿಯ ಮುಂದೆ ದಾವಲಬೀ ತಿದಿಯ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ರಾಜಾಸಾಬ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಕರಿಬಸಪ್ಪನಿಗೆ ಅರ್ಧ ಹಗುರಾಗುತ್ತಿತ್ತು. ಕರಿಬಸಪ್ಪ ಊರಿನ ಮೇಲೆ ಉರಿದ, ಕಳಕಮ್ಮನ ಮೇಲೆ ಉರಿದ, ಕಡೆಗೆ ಉರಿಯಲು ಬೇರೆ ಯಾರೂ ಉಳಿಯಲಿಲ್ಲ. ಹೈದರಾಬಾದಿನ ಲಕೋಟೆಯನ್ನು ಒಲೆಗೆ ಹಾಕಿದ. ಫಿಲ್ಮನ್ನೂ ಹಾಕಿದ. ಅದು ಭರ್ರನೆ ಉರಿದುಹೋಯಿತು.

"ಒಲಿಗೆ ಹಾಕಿದ್ರ ಆ ಮುದುಕನ ಹೊಟ್ಟಿ ತುಂಬತೈತೇನು?" ಎಂದಳು ಶಾಂತಕ್ಕ. ಅಟ್ಟದ ಮೇಲಿನಿಂದ ತಮ್ಮ ಮನೆಯ ದೊಡ್ಡ ಪಾತೇಲಿ ಇಳಿಸಿದಳು. "ಒಯ್ಯಿರಿ. ಹಾಡಹಗಲಾಗ ಒಯ್ಯಿರಿ."

ಸಾಹುಕಾರರ ಮನೆಯ ಮಗ ತಲೆಯ ಮೇಲೆ ಪಾತೇಲಿ ಹೊತ್ತು ನಡುಬಜಾರದಲ್ಲಿ ಹೋಗುವುದನ್ನು ಕಂಡು ಜನ ಕೆಲಸ ಬಿಟ್ಟು ಹಿಂದೆ ಬಂದರು. ಕರಿಬಸಪ್ಪ ಅದನ್ನು ಬೇವಿನ ಮರದ ಕೆಳಗೆ ದಡ್ಡನೆ ಇಟ್ಟ.

"ಇಳಿ ರಾಜಾಸಾಬ. ನಮ್ಮ ಮನೀದು. ಯಾರು ಏನಂತಾರ ನೋಡೇಬಿಡ್ತೀನಿ."

ರಾಜಾಸಾಬ ಸುತ್ತ ನೆರೆದವರನ್ನು ನೋಡಿದ. ಪಾತೇಲಿಯ ಪಕ್ಕ ಮಂಡಿಯೂರಿ ಕೂತ. ತೋಳು ಮೇಲಕ್ಕೆ ಮಡಚಿ, ಉಸುಕು, ಅರಿವಿ ಹಾಕಿ, ಭುಜದ ತನಕ ಒಳಗೆ ಬಗ್ಗಿ ಕೈಯಿಂದ ತಿಕ್ಕತೊಡಗಿದ.

"ಕಾಲಿಲೆ ತಿಕ್ಕೋ ಮಾರಾಯಾ! ಸಂಜಿ ಆದ್ರೂ ಮುಗಿಯೂದಿಲ್ಲ ಇದು!"

"ಆಗಲಿ ಬಿಡ್ರಿ. ಇನ್ನ ಕಾಲಿಡೂದಿಲ್ಲ ನಾ."

ಜನ ಸುತ್ತ ನಿಂತು ನೋಡಿದರು. ಬಹಳ ಹೊತ್ತು ನೋಡಿದರು. ಬಿಸಿಲೇರುತ್ತಿದ್ದಂತೆ ಮುದುಕನ ಉಸಿರು ಮೇಲೆ ಕೆಳಗೆ ಆಗತೊಡಗಿತು. ನಡುನಡುವೆ ಕೈ ಹೊರಗೆ ತೆಗೆದು ಬೆರಳುಗಳನ್ನು ಬಿಡಿಸಿಕೊಂಡು ಮತ್ತೆ ಬಗ್ಗುತ್ತಿದ್ದ. ಕಳಕಮ್ಮ ಗುಂಪಿನಿಂದ ಸರಿದು ಹೋದಳು, ತನ್ನ ಪಾತೇಲಿಯನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ತಿರುಗಿ ಬಂದಳು.

"ಹಿಂಗ ಕೈಲೆ ತಿಕ್ಕೂದಾದ್ರ ಇದನ್ನೂ ತಿಕ್ಕಪಾ, ರಾಜಾಸಾಬ," ಎಂದಳು ಮೆತ್ತಗೆ. "ಹೊಸದಾಗಿ ಆಗಲಿ."

ದಾವಲಬೀ ಎದ್ದು ಭಟ್ಟಿಗೆ ಇದ್ದಲಿ ಹಾಕಿದಳು. ಕಳಕಮ್ಮನ ಹಿಂದೆಯೇ ಇನ್ನೊಬ್ಬರ ಕೊಡ ಬಂತು, ಮತ್ತೊಬ್ಬರ ಹಂಡೆ ಬಂತು. ಕರಿಬಸಪ್ಪನಿಗೆ ಹಗುರಾಗಬೇಕಿತ್ತು, ಆಗಲಿಲ್ಲ.

"ಕರಿಬಸಪ್ಪನವ್ರ," ಎಂದ ರಾಜಾಸಾಬ, ಪಾತೇಲಿಯೊಳಗಿನಿಂದಲೇ. ಎದ್ದು ನಿಲ್ಲಲಿಲ್ಲ, ತಲೆಯನ್ನೂ ಎತ್ತಲಿಲ್ಲ, ತಿಕ್ಕುವುದನ್ನೂ ನಿಲ್ಲಿಸಲಿಲ್ಲ. "ಈಗ ತಗೋರಿ. ಎಷ್ಟು ಬೇಕು ಅಷ್ಟು ತಗೋರಿ."

ಕ್ಯಾಮರಾ ಕರಿಬಸಪ್ಪನ ಹೆಗಲಿನ ಚೀಲದಲ್ಲೇ ಇತ್ತು. ಪಾತೇಲಿಯ ಹೊರಗೆ ಮಡಚಿಕೊಂಡಿದ್ದ ಮುದುಕನ ಪಾದಗಳನ್ನೇ ನೋಡುತ್ತಿದ್ದ ಅವನ ಕೈ ಚೀಲದ ಕಡೆ ಹೋಗಲಿಲ್ಲ. ಬೆಳಕಿಗೆ ಅಡ್ಡವಾದೆನೇನೋ ಎಂದು ಕಳಕಮ್ಮ ಸೆರಗು ಸರಿಪಡಿಸಿಕೊಂಡು ಒಂದು ಪಕ್ಕಕ್ಕೆ ಸರಿದು ನಿಂತಳು.