ನಕ್ಷತ್ರ ಕಾಣುವಷ್ಟು ಸಂದು

ಹೆಂಡತಿ ಪುಣ್ಯಭೂಮಿಯ ಯಾತ್ರೆಗೆ ಹೋಗಿದ್ದಾಳೆ ಎಂದೇ ಡೆನಿಸ್ ಎಲ್ಲರಿಗೂ ಹೇಳಿದ್ದ. ಹಾಗಾಗಿ ಜಾಯ್ಸ್ ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಮರಳಿದ ಮೊದಲ ಭಾನುವಾರ ಊಟಕ್ಕೆ ಬಂದ ಗೆಳತಿ ಶರ್ಲಿ, ಜೋರ್ದಾನ್ ನದಿಯ ನೀರು ತಂದಿದ್ದೀಯಾ ಎಂದು ಕೇಳಿದಳು. ಜಾಯ್ಸ್ ಖರ್ಜೂರದ ಪೊಟ್ಟಣ ಮುಂದಿಟ್ಟಳು.

"ಅಷ್ಟು ದೂರ ಹೋಗಿ ಬರೀ ಖರ್ಜೂರವಾ ಮಾರಾಯ್ತಿ? ಇದು ಇಲ್ಲಿ ಟರ್ಕಿಯವನ ಅಂಗಡಿಯಲ್ಲೂ ಸಿಗ್ತದೆ."

ಡೆನಿಸನೂ ನಕ್ಕ. ಅಂತೂ ಈ ಹುಚ್ಚು ಮುಗಿಯಿತು ಎಂಬ ನೆಮ್ಮದಿ ಆ ನಗುವಿನಲ್ಲಿತ್ತು. ವಸಂತದಲ್ಲಿ ಯೆಹೂದ್ಯರ ಪಾಸ್ಕ ಹಬ್ಬಕ್ಕೆ ಮತ್ತೆ ಬರುತ್ತೇನೆಂದು ಜಾಯ್ಸ್ ಅಲ್ಲಿಯವರಿಗೆ ಮಾತು ಕೊಟ್ಟು ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಡೆನಿಸ್ ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಬಂದವನು. ಅವಳ ವೀಸಾದಲ್ಲಿ ಮಾತ್ರ ಕೆಲಸ ಮಾಡುವಂತಿಲ್ಲ ಎಂದು ಬರೆದಿತ್ತು. ಮಂಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದವಳು ಇಲ್ಲಿ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತ, ಕಿಟಕಿಯಲ್ಲಿ ನಿಂತು ಟ್ರಾಮ್ ನೋಡುತ್ತ ಎರಡು ಚಳಿಗಾಲ ಕಳೆದಳು. ಜರ್ಮನ್ ತರಗತಿಯಲ್ಲಿ ಯಾರೋ ಇಸ್ರೇಲಿನ ಮರುಭೂಮಿಯ ಕಿಬ್ಬುಟ್ಸ್ ಬಗ್ಗೆ ಹೇಳಿದರು: ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಊರು, ಸಂಬಳವಿಲ್ಲ, ಊಟ ವಸತಿ ಉಂಟು. ಅಲ್ಲಿ ಬಾಂಬು ಸಿಡಿಯುತ್ತದೆ ಎಂದು ಡೆನಿಸ್ ಕೂಗಾಡಿದ. ಅವಳು ಹೋದಳು.

ಸೆಪ್ಟೆಂಬರಿನಲ್ಲಿ ಬಂದ ಯೆಹೂದ್ಯರ ಹೊಸ ವರ್ಷದ ದಿನ ಗುರುತಿಲ್ಲದ ಹೆಂಗಸೊಬ್ಬಳು ಜೇನಿನಲ್ಲಿ ಅದ್ದಿದ ಸೇಬಿನ ಹೋಳನ್ನು ಅವಳ ಕೈಗಿತ್ತಳು. ಊರಿನಲ್ಲಿ ಅದೇ ವಾರ ತೆನೆ ಹಬ್ಬ; ಅಮ್ಮ ಹೊಸ ಭತ್ತದ ಕಾಳು ಸುಲಿದು ಪಾಯಸಕ್ಕೆ ಹಾಕಿರುತ್ತಾಳೆ. ಜಾಯ್ಸ್ ಹೋಳನ್ನು ಅಗಿಯದೆ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಅಲ್ಲಿ ಯಾರೂ ವಾಹನ ಹತ್ತದ ಉಪವಾಸದ ದೊಡ್ಡ ದಿನ ಹೆದ್ದಾರಿಯಲ್ಲಿ ಒಂದು ವಾಹನವೂ ಇರಲಿಲ್ಲ. ಶುಭ ಶುಕ್ರವಾರದಂದು ಮಾಡುವಂತೆ ಬರೀ ಹೊಟ್ಟೆಯಲ್ಲಿ, ರಸ್ತೆಯ ನಟ್ಟನಡುವೆ, ಯಾರನ್ನೂ ಕೇಳದೆ ಅವಳು ನಡೆದಳು.

ಆಮೇಲೆ ಪರ್ಣಕುಟೀರಗಳ ಹಬ್ಬ ಬಂತು. ಊಟದ ಕೋಣೆಯ ಹೊರಗೆ ಕೋಲು ನೆಟ್ಟು, ಮೇಲೆ ಖರ್ಜೂರದ ಗರಿ ಹೊದಿಸಬೇಕು. ಈ ಕೆಲಸ ನನಗೆ ಗೊತ್ತು ಎಂದು ಜಾಯ್ಸ್ ಮುಂದೆ ಬಂದಳು. ಅಜ್ಜಿ ತೆಂಗಿನ ಮಡಲು ಹೆಣೆಯುವುದನ್ನು ನೋಡಿ ಬೆಳೆದವಳು ತಾನೇ? ಖರ್ಜೂರದ ಗರಿ ತೆಂಗಿನದರಷ್ಟು ಬಾಗಲಿಲ್ಲ. ಬೆರಳು ಸಿಗಿದರೂ ಬಿಡದೆ ಹೆಣೆದಳು. ಹನಿ ನೀರು ಇಳಿಯದಂತೆ, ಬೆಳಕಿನ ಎಳೆಯೂ ತೂರದಂತೆ ಗುಡಿಸಲಿನ ಮಾಡು ಮುಚ್ಚಿದಳು.

ಅಡುಗೆಮನೆಯ ಹಿರಿಯಳು ರಿವ್ಕಾ ಒಳಗೆ ನಿಂತು ಕತ್ತೆತ್ತಿ ನೋಡಿದಳು. ಬಾಲ್ಯದಲ್ಲೇ ಜರ್ಮನಿ ಬಿಟ್ಟ ಅವಳು ಜರ್ಮನ್ ಭಾಷೆಯನ್ನು ಹುಡುಕಿ ಹುಡುಕಿ ಆಡಿದಳು:

"ಚಂದ ಉಂಟು. ಆದರೆ ಬಿಚ್ಚಬೇಕು ಮಗಳೇ. ಇದರೊಳಗಿಂದ ನಕ್ಷತ್ರ ಕಾಣಬೇಕು. ಇಷ್ಟು ಭದ್ರ ಮಾಡಿದರೆ ಇದೂ ಮನೆಯೇ ಆಯಿತು. ನಾವು ಇದನ್ನು ಕಟ್ಟುವುದೇ ಮನೆಯಿಂದ ಹೊರಗೆ ಬರಲಿಕ್ಕೆ."

ಹೆಣೆದದ್ದನ್ನು ಜಾಯ್ಸ್ ತಾನೇ ಬಿಚ್ಚಿದಳು. ಮೊದಲು ಅವಮಾನವಾಯಿತು. ಆಮೇಲೆ ಬೆರಳುಗಳು ಹಗುರಾದವು.

ಆ ಭಾನುವಾರ ಶರ್ಲಿ ಹೋದ ಮೇಲೆ ಜಾಯ್ಸ್ ಪಾತ್ರೆ ತೊಳೆದಳು, ತೊಳೆದದ್ದನ್ನೇ ಮತ್ತೆ ನೀರಿಗೆ ಹಿಡಿದಳು. ಸಂಜೆಯಾಗುತ್ತಲೇ ಡೆನಿಸ್ ಎಂದಿನಂತೆ ಕಿಟಕಿಯ ರೋಲಾಡನ್ ಇಳಿಸತೊಡಗಿದ. ಪಟ್ಟಿ ಪಟ್ಟಿಯ ಆ ಹೊರಪರದೆ ಪೂರ್ತಿ ಕೆಳಗೆ ಬಂದರೆ ಒಳಗೆ ಗವ್ವೆನ್ನುವ ಕತ್ತಲು. ಜಾಯ್ಸ್ ಒದ್ದೆ ಕೈಯಲ್ಲೇ ಹೋಗಿ ಅದನ್ನು ಇಳಿಸುವ ದಾರವನ್ನು ಹಿಡಿದಳು.

"ಅಷ್ಟಕ್ಕೇ ಬಿಡಿ. ನಾನು ಎಪ್ರಿಲ್‌ನಲ್ಲಿ ಪುನಃ ಹೋಗ್ತೇನೆ."

ಅವನು ಅವಳನ್ನೇ ನೋಡಿದ. "ಇಲ್ಲಿ ನಿನಗೆ ಎಂತ ಕಮ್ಮಿ ಮಾಡಿದ್ದೇನೆ?"

"ಎಂತದೂ ಕಮ್ಮಿ ಇಲ್ಲ. ಒಂದು ಸಂದೂ ಬಿಡದೆ ಮುಚ್ಚಿದ್ದೀರಿ. ನಾನೂ ನಿಮ್ಮ ಜೊತೆ ಸೇರಿಯೇ ಮುಚ್ಚಿದ್ದು."

ಅವನಿಗೆ ಅರ್ಥವಾಗಲಿಲ್ಲ. ಆಗ ಅವಳು ಗುಡಿಸಲಿನ ಕತೆ ಹೇಳಿದಳು, ಬಿಚ್ಚಿದ್ದನ್ನೂ ಹೇಳಿದಳು. ಅವನು ಸೋಫಾದ ತುದಿಯಲ್ಲಿ ಕುಳಿತು ಕೇಳಿದ. ಶರ್ಲಿಯವರಿಗೆ ಈ ಸಲ ಎಂತ ಹೇಳುವುದು ಎಂದು ಗೊಣಗಿದ. ನಿಜ ಹೇಳಿ ಎಂದಳು.

ಆಮೇಲೆ ಅವನು ಕೇಳಿದ: "ಮಾಡಿನಲ್ಲಿ ಅಷ್ಟು ಸಂದು ಬಿಟ್ಟರೆ, ಮಳೆ ಬಂದರೆ?"

"ನೆನೆಯುವುದು."

ರೋಲಾಡನ್ ಅರ್ಧಕ್ಕೆ ನಿಂತಿತ್ತು. ಅದರ ಪಟ್ಟಿಗಳ ನಡುವಿನಿಂದ ಟ್ರಾಮಿನ ಬೆಳಕು ಗೋಡೆಯ ಮೇಲೆ ಹರಿದುಹೋಯಿತು. ಡೆನಿಸ್ ಎದ್ದವನು ಕಿಟಕಿಯ ಕಡೆ ಹೋಗಲಿಲ್ಲ. ಪೊಟ್ಟಣದಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡ.