ಕಲ್ಯಾಣದ ಗಾಳಿಗೆ ಹುಮನಾಬಾದಿನ ರುಮಾಲು

ಮಾಣಿಕಮ್ಮನ ಮದುವೆಯಲ್ಲಿ ನಗಬಾರದವರೂ ನಕ್ಕಿದ್ದರು. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ದಿಬ್ಬಣ ಬಂದಿತ್ತು. ವರ ವೀರಭದ್ರಪ್ಪ ಕುದುರೆಯ ಮೇಲೆ ಬೀಗುತ್ತ ಕುಳಿತಿದ್ದಾಗ ಯಾರೋ ಪಟಾಕಿ ಹಾರಿಸಿದರು. ಕುದುರೆ ಬೆಚ್ಚಿತು, ಗುಲಾಬಿ ರುಮಾಲು ತಲೆಯಿಂದ ಜಿಗಿದು ಬೀದಿಗೆ ಬಿತ್ತು. ಅದನ್ನು ತನ್ನ ತಲೆಗೆ ಸುತ್ತಿಕೊಂಡು ಓಡಿದವನು ವಧುವಿನ ತಮ್ಮ, ತುಂಟ ವೈಜನಾಥ. "ಹುಮನಾಬಾದಿನ ರುಮಾಲು ಕಲ್ಯಾಣದ ಗಾಳಿಗೆ ನಿಂದ್ರಂಗಿಲ್ಲ!" ಎಂಬ ಅವನ ಅಂದಿನ ಕೂಗು ಎರಡೂ ಮನೆಗಳಲ್ಲಿ ಗಾದೆಯಾಯಿತು. ತೊಟ್ಟಿಲಿರಲಿ, ಗೃಹಪ್ರವೇಶವಿರಲಿ, ತಾನು ಮಾವಾ ಎಂದು ಕರೆಯುತ್ತಿದ್ದ ಭಾವನನ್ನು ಕಂಡಲ್ಲೆಲ್ಲ ಅವನು ಅದನ್ನೇ ಹಾಡುತ್ತಿದ್ದ. ವೀರಭದ್ರಪ್ಪ ಮೀಸೆಯಲ್ಲೇ ನಕ್ಕು, "ಒಂದಿನ ತೋರಸ್ತೀನಿ ತಡಿ" ಎನ್ನುತ್ತಿದ್ದರು. ತೋರಿಸುವ ಮೊದಲೇ, ಕಳೆದ ಶ್ರಾವಣದಲ್ಲಿ, ಪ್ರಭುವಿನ ಪಾದ ಸೇರಿದರು.

ಮಾಣಿಕಮ್ಮನ ಮೊಮ್ಮಗಳು ಶೀತಲ ಕಾಲೇಜಿಗೆ ಹೋಗುವವಳು. ಬಿಡುವಿನಲ್ಲಿ ಅವಳಿಗೊಂದು ವಿಚಿತ್ರ ಉದ್ಯೋಗ. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟವಿದೆಯಲ್ಲ, ಅದರೊಳಗಿನ ಚಾಲಕನ ಹೆಲ್ಮೆಟ್ಟಿಗೆ ಬಣ್ಣದ ಹೊದಿಕೆ ಬರೆಯುವುದು. ಸ್ಕಿನ್ ಎನ್ನುತ್ತಾರೆ. ಪರದೆಯಲ್ಲೇ ಒಂದು ಚಪ್ಪಟೆ ಹಾಳೆಯ ಮೇಲೆ ಬರೆದುಕೊಟ್ಟರೆ ಕಂಪ್ಯೂಟರು ಅದನ್ನು ದುಂಡು ಹೆಲ್ಮೆಟ್ಟಿಗೆ ಸುತ್ತಿಬಿಡುತ್ತದೆ.

ಒಂದು ದಿನ ವೈಜನಾಥನ ಮೊಮ್ಮಗ ಬಸವಕುಮಾರ ಫೋನು ಮಾಡಿದ. ಕಲ್ಯಾಣದಲ್ಲಿ ಅವನದು ಆ ಆಟ ಆಡಿಸುವ ಅಂಗಡಿ. ಸ್ಟೇರಿಂಗು, ಪೆಡಲು, ಸೀಟು, ಎಲ್ಲವೂ ನಿಜದ ಕಾರಿನ ಹಾಗೆ. ರವಿವಾರ ರೇಸು, ಶೀತಲ ಬರಲೇಬೇಕು ಎಂದ. ನಡುವೆ ವೈಜನಾಥ ಫೋನು ಕಸಿದುಕೊಂಡ.

"ಬಾರವ್ವ ಬಾ. ಹೆಲ್ಮೆಟ್ ಮಾತ್ರ ಬಿಗಿಯಾಗಿ ಕಟ್ಟು. ಹುಮನಾಬಾದಿನವರ ತಲಿ ಮ್ಯಾಲಿಂದು ಕಲ್ಯಾಣದ ಗಾಳಿಗಿ..."

ಮಾತು ಅಲ್ಲಿಗೇ ನಿಂತಿತು. ಕೇಳಿ ನಗಬೇಕಾದವರು ಈಗಿಲ್ಲ ಎಂಬುದು ನೆನಪಾಗಿರಬೇಕು.

ಪಕ್ಕದಲ್ಲೇ ಕೇಳುತ್ತಿದ್ದ ಮಾಣಿಕಮ್ಮ ಫೋನು ತೆಗೆದುಕೊಂಡಳು. "ಪೂರಾ ಹೇಳಲೇ ವೈಜ್ಯಾ, ಯಾಕ ನಿಂತಿ? ರವಿವಾರ ಅವರ ರುಮಾಲು ನಿಮ್ಮ ಊರಿಗಿ ಬರ್ತದ. ರೇಸ್ ಮುಗಿಯೋತನಾ ತಲಿ ಮ್ಯಾಲೇ ಇರ್ತದ. ಇದ್ದರ ಏನು ಮಾಡ್ತಿ?"

"ಇದ್ದರ ಆ ಮಾತು ಮತ್ತ ಬಾಯಾಗ ತರಂಗಿಲ್ಲ ಅಕ್ಕಾ. ಬಿದ್ದರ?"

"ಬಿದ್ದರ ನಾನೇ ನಿಮ್ಮ ಓಣ್ಯಾಗ ನಿಂತು ಅದನ್ನ ಒದರ್ತೀನಿ!"

ಶೀತಲ ಗಾಬರಿಯಾಗಿ ಅಜ್ಜಿಯತ್ತ ತಿರುಗಿದಳು. "ಆಯೀ, ರುಮಾಲು ಸುತ್ತಿಕೊಂಡು ನಾ ಹ್ಯಾಂಗ ಕಾರ್ ಹೊಡೀಲಿ?"

"ನೀ ಯಾಕ ಸುತ್ತಗೋತಿ? ನಿನ್ನ ಆಟದಾಗಿನ ಗೊಂಬಿಗಿ ಸುತ್ತು."

ಶ್ರಾವಣದಿಂದ ಮುಚ್ಚಿಯೇ ಇದ್ದ ಟ್ರಂಕು ತೆರೆಯಿತು. ಮಾಣಿಕಮ್ಮ ರುಮಾಲನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು, ಮರುಕ್ಷಣವೇ ಸೆರಗು ಸಿಕ್ಕಿಸಿದಳು. ಅಂಗಳದ ಈ ತುದಿಗೊಬ್ಬಳು, ಆ ತುದಿಗೊಬ್ಬಳು ಹಿಡಿದು ಜಗ್ಗಿ ಮಡಿಕೆ ಮಾಡಿದರು. ಬೋರಲು ಹಾಕಿದ ಕೊಡದ ಮೇಲೆ ಹೆಲ್ಮೆಟ್ಟು, ಅದರ ಮೇಲೆ ರುಮಾಲು. ಸುತ್ತಲಿಂದಲೂ ಫೋಟೋ ತೆಗೆದು ಶೀತಲ ಹಾಳೆಗೆ ಅಂಟಿಸಿದಳು.

ಪರದೆಯ ಮೇಲೆ ಚಾಲಕ ತಿರುಗಿದ. ರುಮಾಲು ಅವನ ಕೊರಳಲ್ಲಿ ಮಫ್ಲರಿನಂತೆ ಕುಳಿತಿತ್ತು.

"ಅಯ್ಯೋ ಪ್ರಭುವೇ, ಇಲ್ಲೂ ಬಿತ್ತಲ್ಲೇ!"

ಇನ್ನೊಮ್ಮೆ ಮಾಡಿದರೆ ಮುಖವೆಲ್ಲ ಮುಚ್ಚಿತು. "ಇವ ರೇಸಿಗಿ ಹೊಂಟಾನೋ ಜೇನು ಬಿಡಿಸಾಕ ಹೊಂಟಾನೋ?" ಎಂದು ಅಜ್ಜಿ ಬಿದ್ದು ಬಿದ್ದು ನಕ್ಕಳು. ಕೊನೆಗೆ ಶೀತಲ ಹಾಳೆಯ ತುಂಬ ಟಿಕಳಿಯಂಥ ಬಣ್ಣಬಣ್ಣದ ಚುಕ್ಕಿ ಇಟ್ಟು, ಯಾವುದು ತಲೆಯ ಯಾವ ಮೂಲೆಗೆ ಹೋಗುತ್ತದೆಂದು ನೋಡಿಕೊಂಡಳು. ಸಿಡುಬೆದ್ದಂತೆ ಕಂಡ ಹೆಲ್ಮೆಟ್ಟಿನಿಂದ ದಾರಿ ತಿಳಿಯಿತು. ಹಾಳೆಯಲ್ಲಿ ಹಿಂಭಾಗವನ್ನು ತಲೆಕೆಳಗಾಗಿ ಇಡಬೇಕಿತ್ತು. ಇಟ್ಟಳು. ಗುಲಾಬಿ ಮಡಿಕೆಗಳು ಹಣೆಯ ಮೇಲಿಂದ ಏರಿ, ಬಲಗಿವಿಯ ಕಡೆ ತುಸು ಓರೆಯಾಗಿ, ವೀರಭದ್ರಪ್ಪ ಸುತ್ತುತ್ತಿದ್ದಂತೆಯೇ ನಿಂತವು.

ರವಿವಾರ ಅಜ್ಜಿ, ಮೊಮ್ಮಗಳು ಕಲ್ಯಾಣಕ್ಕೆ ಬಂದಾಗ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಟಿ.ವಿ.ಯ ಮುಂದೆ ಕುರ್ಚಿ ಹಾಕಿಕೊಂಡು ವೈಜನಾಥ ಕುಳಿತಿದ್ದ. ರುಮಾಲಿನ ಚಾಲಕ ಕಾಣಿಸಿದ ಕೂಡಲೇ ಹುಡುಗರು ಶಿಳ್ಳೆ ಹೊಡೆದರು.

"ನೋಡಾಕ ಛಂದ ಅದ ಅಕ್ಕಾ. ಗಾಳಿ ಬೀಸಲಿ, ಆಮ್ಯಾಲ ಮಾತಾಡು."

ರೇಸು ಶುರುವಾಯಿತು. ಶೀತಲ ಇಬ್ಬರನ್ನು ಹಿಂದೆ ಹಾಕಿದಳು. ಮೂರನೆಯವನನ್ನೂ ಹಿಂದೆ ಹಾಕುವ ಆತುರದಲ್ಲಿ ತಿರುವು ತಪ್ಪಿದಳು. ಕಾರು ಗೋಡೆಗೆ ಬಡಿದು, ಪಲ್ಟಿ ಮೇಲೆ ಪಲ್ಟಿ ಹೊಡೆದು, ಗಾಲಿಯೊಂದನ್ನು ಆಕಾಶಕ್ಕೆ ಎಸೆದು, ಹೊಗೆಯಲ್ಲಿ ಮುಚ್ಚಿಹೋಯಿತು. ಅವಳ ರೇಸು ಅಲ್ಲಿಗೇ ಮುಗಿಯಿತು.

"ಹೋಯ್ತು!" ಎಂದು ವೈಜನಾಥ ಎದ್ದು ನಿಂತ. ಮಾಣಿಕಮ್ಮ ಸೆರಗಿನ ತುದಿ ಕಚ್ಚಿಕೊಂಡಳು. "ಬಸ್ಯಾ, ಹತ್ತಿರ ತೋರಸಪಾ. ತಲಿ ತೋರಸು."

ಬಸವಕುಮಾರ ಅದೇ ಪಲ್ಟಿಯನ್ನು ಮತ್ತೆ ನಿಧಾನವಾಗಿ ಓಡಿಸಿದ. ಬಾಗಿಲು ಕಿತ್ತುಬಂದಿತ್ತು, ಗಾಜು ಹೋಗಿತ್ತು. ಚಾಲಕನ ಕಾಲು ಮೇಲೆ, ತಲೆ ಕೆಳಗೆ. ತಲೆಯ ಮೇಲೆ ರುಮಾಲು, ಒಂದು ಮಡಿಕೆಯೂ ಕದಲದೆ ಕುಳಿತಿತ್ತು.

ವೈಜನಾಥ ಹತ್ತಿರ ಹೋಗಿ ಟಿ.ವಿ.ಯ ಗಾಜಿನ ಮೇಲೆ ಬೆರಳಿಟ್ಟು ನೋಡಿದ. "ಬಣ್ಣ ಬಡದೀರಿ. ಇದು ಮೋಸ!"

"ಬಿತ್ತೋ ಇಲ್ಲೋ, ಅಷ್ಟು ಹೇಳು."

"ಬಿದ್ದಿಲ್ಲ."

"ನನಗಲ್ಲ. ಅವರಿಗಿ ಹೇಳು."

ಅವನು ಟಿ.ವಿ.ಯ ಎದುರು ಕೈಮುಗಿದ. "ಮಾವಾ, ಕಲ್ಯಾಣದ ಗಾಳಿ ಸೋತಿತ್ರೀ!" ಎಂದ. ಹುಡುಗರು ಕೇಕೆ ಹಾಕಿದರು.

ಮಾಣಿಕಮ್ಮ ನಗತೊಡಗಿದಳು. ಕಣ್ಣೀರು ಬರುವವರೆಗೆ, ಬಿಕ್ಕಳಿಕೆ ಹತ್ತುವವರೆಗೆ ನಕ್ಕಳು. ಆಮೇಲೆ ಚಪ್ಪಲಿ ಬಿಟ್ಟು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು, "ಏಳವ್ವ, ನಾ ಹೊಡಿತೀನಿ" ಎಂದಳು.

"ಆಯೀ, ನಿನಗ ಬ್ರೇಕ್ ಎಲ್ಲಿ ಅದ ಅಂತ ಗೊತ್ತದೇನು?"

"ಬ್ರೇಕ್ ಯಾರಿಗಿ ಬೇಕಾಗ್ಯಾದ?"

ಮೊದಲ ತಿರುವಿನಲ್ಲೇ ಕಾರು ಪಲ್ಟಿ ಹೊಡೆಯಿತು. ಎಲ್ಲರಿಗಿಂತ ಗಟ್ಟಿಯಾಗಿ ಶಿಳ್ಳೆ ಹಾಕಿದವನು ವೈಜನಾಥ.